ಒಬ್ಬನೇ ಆಟಗಾರ, ನಾಲ್ಕು ಬೆಲೆ

ಫೆಬ್ರವರಿಯಲ್ಲಿ ಒಂದು ರಾತ್ರಿ ನಮ್ಮ ಮನೆಯ ಹಾಲಿನ ದೀಪ ಆರುವುದಿಲ್ಲ. ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ತಂಡಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳಲು ವರ್ಷಕ್ಕೊಂದು ಗಡುವು ಇದೆ. ಅಲ್ಲಿ ಅದು ಮಧ್ಯಾಹ್ನ 3 ಗಂಟೆ. ನವಿ ಮುಂಬೈಯ ನಮ್ಮ ಘಣಸೋಲಿಯಲ್ಲಿ ನಡುರಾತ್ರಿ ಕಳೆದು 1.30. "ಜಿಎಸ್‌ಟಿ ರಿಟರ್ನ್ ತುಂಬುವ ದಿನವೂ ನೀವು ಇಷ್ಟು ಹೊತ್ತು ಕೂತದ್ದಿಲ್ಲ" ಅಂತ ಹೆಂಡತಿ ಗೊಣಗುತ್ತಾಳೆ. ಮಾತು ಸುಳ್ಳಲ್ಲ.

ನನ್ನ ಕಸುಬು ಲೆಕ್ಕ ಬರೆಯುವುದು. ಥಾಣೆ-ಬೇಲಾಪುರ ರಸ್ತೆಯ ಇಕ್ಕೆಲದಲ್ಲಿ ನಮ್ಮ ಊರ ಕಡೆಯವರು ನಡೆಸುವ ಹೋಟೆಲು, ಲಾಡ್ಜುಗಳ ಪುಸ್ತಕ ನೋಡಿಕೊಂಡು ಇಪ್ಪತ್ತೈದು ವರ್ಷವಾಯಿತು. ಕುಂದಾಪುರದಲ್ಲಿ ಕಾಲೇಜಿಗೆ ಹೋಗುವಾಗ ಬಾಸ್ಕೆಟ್‌ಬಾಲ್ ಆಡಿದ್ದೆ. ಎತ್ತರ ಸಾಲದ್ದಕ್ಕೆ ಕೂತದ್ದೇ ಹೆಚ್ಚು. ಬೆಂಚಿನಲ್ಲಿ ಕೂತವನಿಗೆ ಚೆಂಡಿಗಿಂತ ತಂಡ ಚೆನ್ನಾಗಿ ಕಾಣುತ್ತದೆ. 2013ರಲ್ಲಿ ಘಣಸೋಲಿ, ಐರೋಲಿ, ಕೋಪರ್‌ಖೈರಣೆಯ ನಾವು ಏಳು ಮಂದಿ ಸೇರಿ 'ಪುಸ್ತಕದ ಲೀಗ್' ಶುರು ಮಾಡಿದೆವು. ಒಬ್ಬೊಬ್ಬರಿಗೆ ಒಂದು ನಿಜವಾದ ತಂಡ, ನಿಜವಾದ ಸಂಬಳ, ನಿಜವಾದ ನಿಯಮ. ಕೊಡುಕೊಳ್ಳುವ ವ್ಯವಹಾರ ಮಾತ್ರ ನಮ್ಮ ತಲೆಯದ್ದು. ವರ್ಷದ ಕೊನೆಗೆ ಎಲ್ಲರ ತೆರಿಗೆ ಲೆಕ್ಕ ಹಾಕುವುದು ನನ್ನ ಪಾಲಿಗೆ. ಸೋತವನು ಮೀನೂಟ ಹಾಕಿಸಬೇಕು, ಬೇರೆ ಪಂಥವಿಲ್ಲ. ಕೆಳಗೆ ಬರೆದದ್ದೆಲ್ಲ ಆ ಪುಸ್ತಕದಿಂದಲೂ ಲಾಡ್ಜಿನ ಪುಸ್ತಕಗಳಿಂದಲೂ ಕಲಿತದ್ದು.

1. ಸಂಬಳ ಕೇಳಬೇಡಿ, ಎಷ್ಟನೇ ಮೆಟ್ಟಿಲು ಕೇಳಿ

'ಲಕ್ಷುರಿ ಟ್ಯಾಕ್ಸ್' ಎಂಬ ಹೆಸರು ಲಾಡ್ಜ್ ನಡೆಸುವವರಿಗೆ ಹಳೆಯ ಪರಿಚಯ. ಕೋಣೆಯ ಬಾಡಿಗೆ ಒಂದು ಮೊತ್ತ ದಾಟಿದರೆ ಶೇಕಡ ಇಷ್ಟು ಎಂದು ರಾಜ್ಯ ಸರ್ಕಾರ ಕಟ್ಟಿಸಿಕೊಳ್ಳುತ್ತಿತ್ತು. ಮಹಾರಾಷ್ಟ್ರದ ಕಾಯ್ದೆ 1987ರದ್ದು. ಕರ್ನಾಟಕದ್ದು ಇನ್ನೂ ಹಳತು, 1979ರದ್ದು. 2017ರ ಜುಲೈ 1ರಂದು ಎರಡೂ ಜಿಎಸ್‌ಟಿಯೊಳಗೆ ಕರಗಿ ಹೋದವು.

ಎನ್‌ಬಿಎಯ ಲಕ್ಷುರಿ ಟ್ಯಾಕ್ಸ್ ಸರ್ಕಾರದ್ದಲ್ಲ. ಲೀಗೇ ತನ್ನ ತಂಡಗಳ ಮೇಲೆ ಹಾಕಿಕೊಂಡದ್ದು. 1999ರ ಒಪ್ಪಂದದಲ್ಲಿ ಹುಟ್ಟಿ 2002-03ರ ಋತುವಿನಲ್ಲಿ ಮೊದಲ ಸಲ ವಸೂಲಾಯಿತು. ಅಲ್ಲಿ ಸಂಬಳಕ್ಕೊಂದು ಮಿತಿ ಇದೆ. ಆದರೆ ಅದು ನಮ್ಮೂರ ಹಿತ್ತಿಲ ಬೇಲಿ ಇದ್ದಹಾಗೆ, ದಾಟಲು ನಾಲ್ಕು ಕಡೆ ತಡಮೆ. ತನ್ನದೇ ಹಳೆಯ ಆಟಗಾರನನ್ನು ಉಳಿಸಿಕೊಳ್ಳಲು ಮಿತಿ ಮೀರಬಹುದು, ಸಣ್ಣ ಸಂಬಳದವರನ್ನು ತರಲು ಮೀರಬಹುದು. ಹಾಗೆ ಮೀರುತ್ತ ಹೋಗಿ ಮೇಲಿನ ಇನ್ನೊಂದು ಗೆರೆ ದಾಟಿದರೆ ಅಲ್ಲಿಂದ ತೆರಿಗೆ. 2025-26ರಲ್ಲಿ ಮಿತಿ ಸುಮಾರು 15.46 ಕೋಟಿ ಡಾಲರ್, ತೆರಿಗೆಯ ಗೆರೆ ಸುಮಾರು 18.79 ಕೋಟಿ.

ಮೊದಮೊದಲು ಗೆರೆಯ ಮೇಲಿನ ಒಂದು ಡಾಲರಿಗೆ ಒಂದು ಡಾಲರ್ ತೆರಿಗೆ, ಮುಗಿಯಿತು. 2013-14ರಿಂದ ಮೆಟ್ಟಿಲು ಬಂತು. ಆಗಿನ ದರ ಹೀಗಿತ್ತು: ಮೊದಲ 50 ಲಕ್ಷ ಡಾಲರಿಗೆ ಒಂದೂವರೆ ಪಟ್ಟು, ಮುಂದಿನ 50 ಲಕ್ಷಕ್ಕೆ 1.75, ಆಮೇಲೆ 2.5, ಆಮೇಲೆ 3.25, ಅಲ್ಲಿಂದ ಮೇಲೆ ಪ್ರತಿ ಮೆಟ್ಟಿಲಿಗೆ ಅರ್ಧರ್ಧ ಪಟ್ಟು ಏರಿಕೆ. ಮೇಲಿಂದ ಮೇಲೆ ತೆರಿಗೆ ಕಟ್ಟುವ ತಂಡಕ್ಕೆ ಪ್ರತಿ ಮೆಟ್ಟಿಲಿನಲ್ಲೂ ಇನ್ನೊಂದು ಪಟ್ಟು ದಂಡ.

ನಮ್ಮ ಲೀಗಿಗೆ ಹೊಸಬ ಬಂದರೆ ನಾನು ಮೊದಲು ಒಂದೇ ಲೆಕ್ಕ ಬರೆಸುತ್ತೇನೆ, ಈ ಹಳೆಯ ದರದಲ್ಲೇ. ಆಟಗಾರನ ಸಂಬಳ 1 ಕೋಟಿ ಡಾಲರ್. ಗೆರೆಯಿಂದ ಕೋಟಿ ಡಾಲರ್ ಕೆಳಗಿರುವ ತಂಡ ಅವನನ್ನು ತಂದರೆ ಖರ್ಚು 1 ಕೋಟಿ. ಸರಿಯಾಗಿ ಗೆರೆಯ ಮೇಲೆ ನಿಂತ ತಂಡ ತಂದರೆ ಸಂಬಳ 1 ಕೋಟಿ, ತೆರಿಗೆ 1.625 ಕೋಟಿ, ಒಟ್ಟು 2.625. ಗೆರೆಯಿಂದ ಆಗಲೇ ಕೋಟಿ ಡಾಲರ್ ಮೇಲಿರುವ ತಂಡಕ್ಕೆ ಅವನೇ 3.875 ಕೋಟಿ. ಅದೇ ತಂಡ ರೂಢಿಯ ತೆರಿಗೆದಾರನಾಗಿದ್ದರೆ 4.875 ಕೋಟಿ. ಅದೇ ಕೈ, ಅದೇ ಕಾಲು, ಅದೇ ಮೂರು ಪಾಯಿಂಟಿನ ಎಸೆತ. ನಿಂತ ಮೆಟ್ಟಿಲಿಗೆ ತಕ್ಕ ಹಾಗೆ ನಾಲ್ಕು ಬೆಲೆ.

ಇದು ಕಾಗದದ ಲೆಕ್ಕ ಅಂದುಕೊಳ್ಳುವವರಿಗೆ 2020ರ ನವೆಂಬರ್ ನೆನಪಿಸುತ್ತೇನೆ. ಗೋಲ್ಡನ್ ಸ್ಟೇಟ್ ವಾರಿಯರ್ಸ್‌ನ ಕ್ಲೇ ಥಾಂಪ್ಸನ್ ಅಭ್ಯಾಸದಲ್ಲಿ ಹಿಮ್ಮಡಿಯ ನರ ಹರಿದುಕೊಂಡ. ತಂಡ ಕೆಲವೇ ದಿನದಲ್ಲಿ ಕೆಲ್ಲಿ ಊಬ್ರೆಯನ್ನು ತಂದಿತು. ಅವನ ಸಂಬಳ 1.44 ಕೋಟಿ ಡಾಲರ್. ಆಗಲೇ ಎತ್ತರದ ಮೆಟ್ಟಿಲಲ್ಲಿದ್ದ ವಾರಿಯರ್ಸ್‌ಗೆ ತೆರಿಗೆ ಸೇರಿ ಅವನು 8 ಕೋಟಿ ಡಾಲರಿಗೂ ಮೇಲೆ ಬಿದ್ದ ಎಂಬುದು ಅಂದಿನ ಲೆಕ್ಕ. ಊಬ್ರೆ ಒಳ್ಳೆಯ ಆಟಗಾರನೇ. 8 ಕೋಟಿಯ ಆಟಗಾರ ಅಂತ ಅವನ ತಾಯಿಯೂ ಹೇಳಲಿಕ್ಕಿಲ್ಲ.

2. ಮೆಟ್ಟಿಲು ಬೇರೆ, ಬಾವಿಕಟ್ಟೆ ಬೇರೆ

ಜಿಎಸ್‌ಟಿ ಬಂದ ಹೊಸತರಲ್ಲಿ ಸಾವಿರ ರೂಪಾಯಿಗಿಂತ ಕಡಿಮೆ ಬಾಡಿಗೆಯ ಕೋಣೆಗೆ ತೆರಿಗೆ ಇರಲಿಲ್ಲ. ಅಲ್ಲಿಂದ 2,500ರ ಒಳಗೆ ಶೇ. 12, 2,500 ಮುಟ್ಟಿದರೆ ಶೇ. 18. ನಾನು ಲೆಕ್ಕ ನೋಡುತ್ತಿದ್ದ ಒಂದು ಲಾಡ್ಜಿನ ಯಜಮಾನರು ದೀಪಾವಳಿ ಹೊತ್ತಿಗೆ ನನ್ನನ್ನು ಕೇಳದೆ 2,400ರ ಕೋಣೆಯನ್ನು 2,550 ಮಾಡಿದರು. ಗಿರಾಕಿ 2,688 ಕೊಡುತ್ತಿದ್ದವನು 3,009 ಕೊಡಬೇಕಾಯಿತು. ಹೆಚ್ಚಾದ 321 ರೂಪಾಯಿಯಲ್ಲಿ ಯಜಮಾನರಿಗೆ ಸಿಕ್ಕಿದ್ದು 150, ಸರ್ಕಾರಕ್ಕೆ 171. "ಎಂತ ರಾಯ್ರೇ ಇದು, ಕೋಣೆ ನನ್ನದಾ ಸರ್ಕಾರದ್ದಾ?" ಅಂತ ಅವರು. ಎರಡು ವಾರದಲ್ಲಿ ಬೋರ್ಡು 2,499ಕ್ಕೆ ಇಳಿಯಿತು.

ಜಿಎಸ್‌ಟಿಯ ಈ ಗೆರೆ ಬಾವಿಕಟ್ಟೆಯ ಹಾಗೆ: ಒಂದು ಹೆಜ್ಜೆ ತಪ್ಪಿದರೆ ಇಡೀ ಮೈ ಒಳಗೆ. ಇಡೀ ಬಾಡಿಗೆಗೆ ಹೊಸ ದರ. ಎನ್‌ಬಿಎಯದ್ದು ಹಾಗಲ್ಲ, ನಮ್ಮ ಆದಾಯ ತೆರಿಗೆಯ ಹಾಗೆ ಮೆಟ್ಟಿಲ ಮೇಲಿನ ಪಾಲಿಗೆ ಮಾತ್ರ ಆ ಮೆಟ್ಟಿಲ ದರ. ಆದ್ದರಿಂದ ಗೆರೆಯನ್ನು ಒಂದು ಡಾಲರ್ ದಾಟಿದರೆ ಏನೂ ಮುಳುಗುವುದಿಲ್ಲ ಅಂತ ಮೊದಲ ವರ್ಷ ನಾನೂ ನಂಬಿದ್ದೆ. ನಂಬಿ ಮೀನೂಟ ಹಾಕಿಸಿದೆ.

ಯಾಕೆಂದರೆ ಆ ಮೆಟ್ಟಿಲ ಬುಡದಲ್ಲೂ ಒಂದು ಸಣ್ಣ ಬಾವಿ ಇದೆ. ವಸೂಲಾದ ತೆರಿಗೆಯಲ್ಲಿ ಅರ್ಧದವರೆಗಿನ ಪಾಲನ್ನು, ತೆರಿಗೆ ಕಟ್ಟದ ತಂಡಗಳಿಗೆ ಸಮನಾಗಿ ಹಂಚುತ್ತಾರೆ. ಗೆರೆ ದಾಟಿದವನು ತೆರಿಗೆಯನ್ನೂ ಕಟ್ಟಬೇಕು, ಈ ಪಾಲನ್ನೂ ಕಳೆದುಕೊಳ್ಳಬೇಕು. ಸಾಲದ್ದಕ್ಕೆ, ಮೇಲಿಂದ ಮೇಲೆ ಕಟ್ಟುವವರ ದಂಡದ ಲೆಕ್ಕಕ್ಕೆ ಒಂದು ವರ್ಷ ಜಮೆಯಾಗುತ್ತದೆ. ಹಾಗಾಗಿ ಗೆರೆಯಿಂದ ಸ್ವಲ್ಪವೇ ಮೇಲಿರುವ ತಂಡಗಳು ಜನವರಿ, ಫೆಬ್ರವರಿಯಲ್ಲಿ ಮಾಡುವ ವ್ಯವಹಾರ ನೋಡುವವರಿಗೆ ಹುಚ್ಚು ಅನಿಸುತ್ತದೆ. 2013ರ ಜನವರಿಯಲ್ಲಿ ಮೆಂಫಿಸ್ ಗ್ರಿಜ್ಲೀಸ್ ಮೂವರು ಆಟಗಾರರ ಜೊತೆಗೆ ಮುಂದೆ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟಿನಲ್ಲಿ ಒಂದು ಮೊದಲ ಸುತ್ತಿನ ಆಯ್ಕೆಯ ಹಕ್ಕನ್ನೂ ಕ್ಲೀವ್‌ಲ್ಯಾಂಡಿಗೆ ಕೊಟ್ಟು, ಬದಲಿಗೆ ತಂದದ್ದು ಜಾನ್ ಲಾಯರ್ ಎಂಬ ಒಬ್ಬ ಬೆಂಚಿನ ಆಟಗಾರನನ್ನು. ಆಟದ ಕಣ್ಣಿಗೆ ಇದು ದಾನ. ಲೆಕ್ಕದ ಕಣ್ಣಿಗೆ ತಂಡ ಗೆರೆಯ ಕೆಳಗಿಳಿಯಿತು. ಆ ತಿಂಗಳ ಕೊನೆಗೆ ತಂಡದ ದೊಡ್ಡ ಸಂಬಳದ ರೂಡಿ ಗೇಯನ್ನೂ ಟೊರಾಂಟೋಗೆ ಕಳಿಸಿದರು. ಊರವರು ಬೈದರು. ಅದೇ ವರ್ಷ ಮೆಂಫಿಸ್ ಪಶ್ಚಿಮ ವಿಭಾಗದ ಫೈನಲಿಗೆ ಹೋಯಿತು. ತೆರಿಗೆ ಉಳಿಸಿದ್ದಕ್ಕೇ ಹೋಯಿತು ಅಂತ ನಾನು ಹೇಳುವುದಿಲ್ಲ. ಉಳಿಸಿದ್ದರಿಂದ ಕೆಡಲಿಲ್ಲ ಎನ್ನಬಹುದು.

3. ಲೆಕ್ಕ ವರ್ಷದ್ದಲ್ಲ, ಕೊನೆಯ ದಿನದ್ದು

ಪುಸ್ತಕದ ಲೀಗಿನಲ್ಲಿ ನನಗೆ ಅತಿ ಹೆಚ್ಚು ರುಚಿ ಹತ್ತಿದ ನಿಯಮ ಇದು. ತಂಡದ ಸಂಬಳವನ್ನು ತೆರಿಗೆಗಾಗಿ ಅಳೆಯುವುದು ಲೀಗ್ ಪಂದ್ಯಗಳ ಕೊನೆಯ ದಿನ, ಏಪ್ರಿಲಿನಲ್ಲಿ. ಅಕ್ಟೋಬರಿನಿಂದ ಯಾರು ಯಾರು ಆಡಿದರು ಎಂಬುದಲ್ಲ, ಆ ದಿನ ಪುಸ್ತಕದಲ್ಲಿ ಯಾರ ಹೆಸರು ಇದೆ ಎಂಬುದು.

ಈಗ ಫೆಬ್ರವರಿಯ ಗಡುವು ಯಾಕೆ ಅಷ್ಟು ಬಿಸಿ ಎಂದು ನೋಡಿ. ಆ ಹೊತ್ತಿಗೆ ಆಟಗಾರನ ಸಂಬಳದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಹಳೆಯ ತಂಡ ಕೊಟ್ಟಾಗಿರುತ್ತದೆ. ಅವನನ್ನು ಇನ್ನೊಂದು ತಂಡಕ್ಕೆ ಸಾಗಿಸಿದರೆ ನಗದಿನಲ್ಲಿ ಉಳಿಯುವುದು ಒಂದು ಪಾಲು. ತೆರಿಗೆಯ ಪುಸ್ತಕದಿಂದ ಮಾತ್ರ ವರ್ಷದ ಇಡೀ ಸಂಬಳ ಹೊರಗೆ ಹೋಗುತ್ತದೆ. ತೆಗೆದುಕೊಳ್ಳುವ ತಂಡಕ್ಕೆ ಗೆರೆಯ ಕೆಳಗೆ ಜಾಗ ಇದ್ದರೆ ಅದಕ್ಕೆ ತೆರಿಗೆಯ ಚಿಂತೆಯೇ ಇಲ್ಲ. ಒಂದು ಪಾಲು ಸಂಬಳ ಕೊಟ್ಟು ಆಟಗಾರ, ಮೇಲಿಂದ ಉಡುಗೊರೆ. ಉಡುಗೊರೆ ಎಂದರೆ ಮುಂದಿನ ವರ್ಷಗಳ ಆಯ್ಕೆಯ ಹಕ್ಕು, ಕೆಲವೊಮ್ಮೆ ನಗದು. ಗೆರೆಯ ಕೆಳಗೆ ಜಾಗ ಇಟ್ಟುಕೊಂಡು ಕೂತ ತಂಡ ಎಂದರೆ ಮಳೆಗಾಲಕ್ಕೆ ಮೊದಲೇ ಕೊಡೆ ಕೊಂಡಿಟ್ಟ ಅಂಗಡಿಯವನು. ಜೂನ್ ಬರುವವರೆಗೆ ಅವನನ್ನು ಕೇಳುವವರಿಲ್ಲ, ಬಂದಮೇಲೆ ಅವನು ಹೇಳಿದ್ದೇ ರೇಟು.

ಒಂದು ಎಚ್ಚರಿಕೆ ಇದೆ. 2019ರಲ್ಲಿ ನನ್ನ ಪುಸ್ತಕದ ತಂಡ ಗೆರೆಯಿಂದ 3 ಲಕ್ಷ ಡಾಲರ್ ಕೆಳಗೆ ಬಂದು ನಿಂತಿತ್ತು. ಎಲ್ಲರಿಗೂ ವಾಟ್ಸಾಪಿನಲ್ಲಿ ಫೋಟೋ ಕಳಿಸಿ ಮಲಗಿದೆ. ಏಪ್ರಿಲಿನಲ್ಲಿ ಒಬ್ಬ ಆಟಗಾರನ ಕರಾರಿನಲ್ಲಿದ್ದ ಬೋನಸ್ ಎಚ್ಚರವಾಯಿತು. ಇಷ್ಟು ಪಂದ್ಯ ಆಡಿದರೆ ಇಷ್ಟು ಎಂದಿತ್ತು, ಅವನು ಆಡಿಬಿಟ್ಟಿದ್ದ. ಗೆರೆ ದಾಟಿತು. ಕೋಪರ್‌ಖೈರಣೆಯ ಗೆಳೆಯ ಈಗಲೂ ನನ್ನನ್ನು 'ಬೋನಸ್ ಮಾಮ' ಎಂದೇ ಕರೆಯುವುದು. ಅಂದಿನಿಂದ ಕರಾರಿನ ಸಣ್ಣ ಅಕ್ಷರ ಓದುತ್ತೇನೆ, ಕನ್ನಡಕ ಬದಲಿಸಿಯಾದರೂ.

4. ಕೈಬಿಡುವುದು ಬೇರೆ, ಕೈದಾಟಿಸುವುದು ಬೇರೆ

ಇದನ್ನು ಅರ್ಥ ಮಾಡಿಸಲು ನನಗೆ ಅಮೆರಿಕ ಬೇಕಾಗುವುದಿಲ್ಲ, ನಮ್ಮ ಘಣಸೋಲಿಯೇ ಸಾಕು. ಥಾಣೆ-ಬೇಲಾಪುರ ರಸ್ತೆಯಲ್ಲಿ ರಿಲಯನ್ಸ್ ಕಾರ್ಪೊರೇಟ್ ಪಾರ್ಕ್ ಇದೆ. ಅದರೊಳಗಿನ ಮೈದಾನದಲ್ಲೇ ಮುಂಬೈ ಇಂಡಿಯನ್ಸ್‌ನ ಅಭ್ಯಾಸ ಶಿಬಿರ ನಡೆಯುವುದು. ಬೇಲಿಯ ಹೊರಗೆ ನಾವು ರಿಕ್ಷಾಕ್ಕೆ ಕಾಯುತ್ತೇವೆ, ಒಳಗೆ ಕೋಟಿಗಳ ಲೆಕ್ಕ.

ಐಪಿಎಲ್‌ನಲ್ಲಿ ಲಕ್ಷುರಿ ಟ್ಯಾಕ್ಸ್ ಇಲ್ಲ. ಅಲ್ಲಿರುವುದು ಪರ್ಸ್, ಗೋಡೆಯಂಥ ಮಿತಿ, ತಡಮೆ ಇಲ್ಲದ್ದು. 2024ರ ಋತುವಿಗೆ ಒಂದು ತಂಡಕ್ಕೆ 100 ಕೋಟಿ ರೂಪಾಯಿ. 2023ರ ನವೆಂಬರ್ 26ರ ಸಂಜೆ, ಯಾರನ್ನು ಉಳಿಸಿಕೊಂಡೆವು ಎಂದು ತಂಡಗಳು ಹೇಳುವ ಗಡುವಿನ ದಿನ, ಹಾರ್ದಿಕ್ ಪಾಂಡ್ಯ ಗುಜರಾತ್ ಟೈಟನ್ಸ್‌ನ ಪಟ್ಟಿಯಲ್ಲೇ ಇದ್ದ. ಅದೇ ರಾತ್ರಿ ಸುದ್ದಿ ತಿರುಗಿತು. ಮರುದಿನ ಅಧಿಕೃತವಾಗಿ ಅವನು ಮುಂಬೈಗೆ ಬಂದ, 15 ಕೋಟಿಗೆ. ಆ 15 ಕೋಟಿ ಹೋದಮೇಲೂ ಹರಾಜಿಗೆ ದುಡ್ಡು ಎಲ್ಲಿಂದ ಬಂತು? ಬೆಂಗಳೂರಿನಿಂದ. ಒಂದು ವರ್ಷದ ಹಿಂದೆ ಕೊಚ್ಚಿ ಹರಾಜಿನಲ್ಲಿ 17.5 ಕೋಟಿಗೆ ಕೊಂಡಿದ್ದ ಕ್ಯಾಮರೂನ್ ಗ್ರೀನ್‌ನನ್ನು ಮುಂಬೈ ಅದೇ ಬೆಲೆಗೆ ಆರ್‌ಸಿಬಿಗೆ ದಾಟಿಸಿತು. ಎಲ್ಲ ಮುಗಿದಾಗ ಹರಾಜಿಗೆ ಮುಂಬೈ ಕೈಯಲ್ಲಿ ಉಳಿದದ್ದು 17.75 ಕೋಟಿ. ಗ್ರೀನ್ ಹೋಗದಿದ್ದರೆ? ಕಳೆದು ನೋಡಿ: 25 ಲಕ್ಷ. ಹಾರ್ದಿಕ್ ಬರುತ್ತಿದ್ದ, ಆದರೆ ಹರಾಜಿನ ಮೇಜಿನ ಮುಂದೆ ಮುಂಬೈ ಚಹಾ ಕುಡಿದು ಏಳಬೇಕಿತ್ತು. ಗುಜರಾತಿಗೆ ಕೊಟ್ಟ ವರ್ಗಾವಣೆ ಹಣದ ಸಂಗತಿ ಬೇರೆ, ಅದು ಪರ್ಸಿಗೆ ತಗಲುವುದಿಲ್ಲ.

ಆರ್‌ಸಿಬಿಗೆ ಗ್ರೀನ್‌ನ ಜಾಗ ಎಲ್ಲಿಂದ ಬಂತೆಂದು ನೋಡಿದರೆ ಪಾಠ ಪೂರ್ತಿಯಾಗುತ್ತದೆ. ಅವರು ತಲಾ 10.75 ಕೋಟಿಯ ಹರ್ಷಲ್ ಪಟೇಲ್ ಮತ್ತು ಹಸರಂಗ, 7.75 ಕೋಟಿಯ ಹೇಜಲ್‌ವುಡ್ ಈ ಮೂವರನ್ನು ಬಿಟ್ಟರು. 29.25 ಕೋಟಿ ಪರ್ಸಿಗೆ ವಾಪಸು. ಐಪಿಎಲ್‌ನಲ್ಲಿ ಬಿಟ್ಟರೆ ಬಿಟ್ಟಂತೆ, ಹೆಸರು ಪುಸ್ತಕದಿಂದ ಅಳಿಸಿ ಹೋಗುತ್ತದೆ.

ಎನ್‌ಬಿಎಯಲ್ಲಿ ಅದು ಆಗುವುದಿಲ್ಲ. ಮೂರು ನಾಲ್ಕು ವರ್ಷದ ಖಾತರಿ ಕರಾರು ಇರುವವನನ್ನು ಮನೆಗೆ ಕಳಿಸಿದರೂ ಅವನ ಸಂಬಳ ಕೊಡಬೇಕು, ತೆರಿಗೆಯ ಪುಸ್ತಕದಲ್ಲೂ ಅವನು ಕೂತಿರುತ್ತಾನೆ. ಹೆಸರು ಅಳಿಸಬೇಕಾದರೆ ಇನ್ನೊಂದು ತಂಡ ಅವನನ್ನು ಎತ್ತಿಕೊಳ್ಳಬೇಕು, ಎತ್ತಿಕೊಳ್ಳುವುದಕ್ಕೆ ಏನಾದರೂ ಕೊಡಬೇಕು. ಅದಕ್ಕೇ ಅಲ್ಲಿ ಅಷ್ಟು ಟ್ರೇಡ್, ಇಲ್ಲಿ ಇಷ್ಟು ಕಡಿಮೆ. ನಮ್ಮ ಲೀಗಿಗೆ ಕ್ರಿಕೆಟ್ ಕಡೆಯಿಂದ ಬಂದ ಹುಡುಗರು ಮೊದಲ ವರ್ಷ ತಪ್ಪದೆ ಮಾಡುವ ತಪ್ಪು ಇದೇ. "ಅಂಕಲ್, ಇವನನ್ನು ರಿಲೀಸ್ ಮಾಡ್ತೇನೆ" ಅನ್ನುತ್ತಾರೆ. ಮಾಡು ಮಗಾ, ಅವನ ಖುರ್ಚಿ ಮಾತ್ರ ಖಾಲಿಯಾಗುವುದಿಲ್ಲ.

ಲೆಕ್ಕದಲ್ಲಿ ಕಾಣದ ಸಂಗತಿಯೂ ಒಂದಿತ್ತು. 2024ರಲ್ಲಿ ವಾಂಖೆಡೆಯ ಸ್ವಂತ ಜನವೇ ಹಾರ್ದಿಕ್‌ಗೆ ಕೂಗು ಹಾಕಿತು, ಮುಂಬೈ ಹತ್ತನೆಯ ಸ್ಥಾನದಲ್ಲಿ ಮುಗಿಸಿತು. ಪರ್ಸಿನ ಗಣಿತ ತಪ್ಪಿರಲಿಲ್ಲ. ರೋಹಿತ್ ಶರ್ಮನಿಂದ ನಾಯಕತ್ವ ತೆಗೆದು ಹಾರ್ದಿಕ್‌ಗೆ ಕೊಟ್ಟದ್ದಕ್ಕೆ ಪುಸ್ತಕದಲ್ಲಿ ಅಂಕಣವಿಲ್ಲ.

5. ಬರಲಿರುವ ತೆರಿಗೆ ಬಂದ ತೆರಿಗೆಗಿಂತ ಜಾಸ್ತಿ ಹೆದರಿಸುತ್ತದೆ

2012ರ ಅಕ್ಟೋಬರ್ 27. ಆ ವರ್ಷವಷ್ಟೇ ಫೈನಲ್ ಆಡಿದ್ದ ಒಕ್ಲಹೋಮಾ ಸಿಟಿ ಥಂಡರ್ ತನ್ನ ಜೇಮ್ಸ್ ಹಾರ್ಡನ್‌ನನ್ನು ಹ್ಯೂಸ್ಟನ್‌ಗೆ ಕಳಿಸಿತು. ಅವನು ಕೇಳಿದ್ದಕ್ಕೂ ಇವರು ಕೊಡುತ್ತೇವೆ ಎಂದದ್ದಕ್ಕೂ ನಾಲ್ಕು ವರ್ಷಕ್ಕೆ ಸೇರಿ ಹತ್ತಾರು ಲಕ್ಷ ಡಾಲರುಗಳ ಅಂತರ, ಈ ಲೀಗಿನ ದುಡ್ಡಿನ ಮುಂದೆ ಚಿಲ್ಲರೆ. ಇಷ್ಟಕ್ಕೆ ಅಂಥವನನ್ನು ಬಿಟ್ಟರಲ್ಲ ಎಂದು ಅಂದಿನಿಂದ ಜನ ಬೈಯುತ್ತಲೇ ಇದ್ದಾರೆ.

ನಾನೂ ಬೈದವನೇ. ಆಮೇಲೆ ತಾರೀಕು ನೋಡಿದೆ. ಅವನ ಹೊಸ ಕರಾರು ಶುರುವಾಗುವುದು 2013-14ರಲ್ಲಿ. ಮೆಟ್ಟಿಲ ತೆರಿಗೆ ಶುರುವಾಗುವುದೂ ಅದೇ ವರ್ಷ. ಡ್ಯುರಾಂಟ್, ವೆಸ್ಟ್‌ಬ್ರೂಕ್, ಇಬಾಕಾ ಮೂವರ ದೊಡ್ಡ ಕರಾರುಗಳು ಆಗಲೇ ಕುಳಿತಿದ್ದ ಸಣ್ಣ ಊರಿನ ತಂಡಕ್ಕೆ ಹಾರ್ಡನ್‌ನ ಪ್ರತಿ ಡಾಲರೂ ಒಂದೂವರೆ, ಎರಡೂವರೆ ಪಟ್ಟಿನ ಮೆಟ್ಟಿಲ ಮೇಲೆ ಬಂದು ಕೂರುತ್ತಿತ್ತು. ಅವರು ಜಗಳವಾಡಿದ್ದು ಅವನ ಸಂಬಳದ ಮೇಲಲ್ಲ, ಇನ್ನೂ ಜಾರಿಗೆ ಬಾರದ ಒಂದು ದರಪಟ್ಟಿಯ ಮೇಲೆ. ಹಾಗಂತ ಅವರು ಮಾಡಿದ್ದು ಸರಿ ಎನ್ನಲಾರೆ. ಒಂದು ವರ್ಷ ಕಾಯಬಹುದಿತ್ತು. ಒಂದು ಸಲ ತೆರಿಗೆ ಕಟ್ಟಿ ಪ್ರಶಸ್ತಿಗೆ ಕೈ ಹಾಕಬಹುದಿತ್ತು. ಹೆದರಿಕೆಯಲ್ಲಿ ಮಾಡಿದ ವ್ಯಾಪಾರ ಯಾವಾಗಲೂ ಕೊಂಡವನ ಪಾಲಿಗೆ ಹಬ್ಬ. ಹಾರ್ಡನ್ 2018ರಲ್ಲಿ ಲೀಗಿನ ಅತ್ಯುತ್ತಮ ಆಟಗಾರನೆನಿಸಿದ, ಹ್ಯೂಸ್ಟನ್ ಅಂಗಿಯಲ್ಲಿ.

6. ನೋಟು ಒಡೆಸಬಹುದು, ಚಿಲ್ಲರೆ ಕೂಡಿಸಲಾಗದು

2023ರ ಒಪ್ಪಂದದ ನಂತರ ತೆರಿಗೆಯ ಗೆರೆಯ ಮೇಲೆ ಇನ್ನೆರಡು ಗೆರೆಗಳಿಗೆ ಹಲ್ಲು ಬಂತು. ಅವಕ್ಕೆ ಏಪ್ರನ್ ಎಂದು ಹೆಸರು. ನಮ್ಮ ಲೀಗಿನ ಒಬ್ಬ ಹೋಟೆಲಿನವನು "ಅದು ಭಟ್ಟರು ಕಟ್ಟಿಕೊಳ್ಳುವುದಲ್ವಾ ಮಾರಾಯ್ರೆ" ಎಂದು ಒಂದು ವಾರ ನಗಿಸಿದ. 2025-26ರಲ್ಲಿ ಎರಡನೆಯ ಏಪ್ರನ್ ಸುಮಾರು 20.78 ಕೋಟಿ ಡಾಲರ್. ಅದನ್ನು ದಾಟಿದ ತಂಡಕ್ಕೆ ದುಡ್ಡಿನ ದಂಡ ಮಾತ್ರವಲ್ಲ, ಕೈಗೆ ಕೋಳ. ಟ್ರೇಡಿನಲ್ಲಿ ನಗದು ಕೊಡುವಂತಿಲ್ಲ. ಕಳಿಸಿದ್ದಕ್ಕಿಂತ ಹೆಚ್ಚು ಸಂಬಳ ತರುವಂತಿಲ್ಲ. ಏಳು ವರ್ಷ ಮುಂದಿನ ಮೊದಲ ಸುತ್ತಿನ ಆಯ್ಕೆಯ ಹಕ್ಕು ಬೀಗದಲ್ಲಿ. ಎಲ್ಲಕ್ಕಿಂತ ನೋವಿನದು, ಇಬ್ಬರು ಮೂವರ ಸಂಬಳ ಕೂಡಿಸಿ ಒಬ್ಬ ದೊಡ್ಡವನನ್ನು ತರುವಂತಿಲ್ಲ.

ಇದನ್ನು ನಾನು ಗಲ್ಲಾದ ಭಾಷೆಯಲ್ಲಿ ಹೇಳುತ್ತೇನೆ. ಐನೂರರ ನೋಟು ಕೊಟ್ಟು ನೂರರ ನೋಟುಗಳನ್ನು ತರಬಹುದು. ನೂರರ ನೋಟುಗಳನ್ನು ಕೊಟ್ಟು ಐನೂರರದ್ದು ತರುವಂತಿಲ್ಲ. 2024ರ ಅಕ್ಟೋಬರಿನಲ್ಲಿ ಮಿನ್ನೆಸೋಟಾ ತನ್ನ ಕಾರ್ಲ್-ಆಂಥನಿ ಟೌನ್ಸ್‌ನನ್ನು ನ್ಯೂಯಾರ್ಕಿಗೆ ಕಳಿಸಿದ್ದು ಹೀಗೆ ಒಡೆಸಿದ ನೋಟು. ದೊಡ್ಡ ಕರಾರು ಒಂದು ಹೋಯಿತು, ಜೂಲಿಯಸ್ ರ‍್ಯಾಂಡಲ್ ಮತ್ತು ಡಾಂಟೆ ಡಿವಿಂಚೆಂಜೊ ಬಂದರು. ವ್ಯವಹಾರ ಕೂಡಿಬರಲು ಷಾರ್ಲಟ್ ಮೂರನೆಯ ತಂಡವಾಗಿ ನಡುವೆ ನಿಂತಿತು. ಟೌನ್ಸ್ ಮಿನ್ನೆಸೋಟಾದಲ್ಲಿ ಒಂಬತ್ತು ವರ್ಷ ಆಡಿದವನು.

ಐಪಿಎಲ್‌ನವರೂ ಇಂಥದ್ದೇ ಒಂದು ಸಣ್ಣ ಮೆಟ್ಟಿಲು ಕಟ್ಟಿದ್ದಾರೆ. 2025ರ ಋತುವಿನ ದೊಡ್ಡ ಹರಾಜಿಗೆ ಮೊದಲು ಹಳಬರನ್ನು ಉಳಿಸಿಕೊಳ್ಳಲು ದರ ಹೀಗಿತ್ತು: ಮೊದಲನೆಯವನಿಗೆ 18 ಕೋಟಿ, ಎರಡನೆಯವನಿಗೆ 14, ಮೂರನೆಯವನಿಗೆ 11; ನಾಲ್ಕನೆಯವನಿಗೆ ಮತ್ತೆ 18, ಐದನೆಯವನಿಗೆ 14. ಮುಂಬೈ ಐವರನ್ನೂ ಉಳಿಸಿಕೊಂಡು ಆ ಋತುವಿನ ಪರ್ಸಿನ 120 ಕೋಟಿಯಲ್ಲಿ 75 ಖರ್ಚು ಮಾಡಿತು. ಬೆಂಗಳೂರು ಕೊಹ್ಲಿ, ಪಾಟೀದಾರ್, ಯಶ್ ದಯಾಳ್ ಮೂವರಿಗೇ ನಿಲ್ಲಿಸಿ 83 ಕೋಟಿ ಹಿಡಿದುಕೊಂಡು ಹರಾಜಿಗೆ ಹೋಯಿತು. 2025ರ ಜೂನ್ 3ರಂದು ಕಪ್ಪು ಯಾರ ಕೈಗೆ ಬಂತೆಂದು ಕನ್ನಡ ಓದುವವರಿಗೆ ನಾನು ಹೇಳಬೇಕಾಗಿಲ್ಲ.

7. ಯಜಮಾನನ ಮುಖ ನೋಡಿ ಮಣೆ

ಒಂದೇ ತೆರಿಗೆ ಎರಡು ಮನೆಯಲ್ಲಿ ಎರಡು ತೂಕ. 2013-14ರಲ್ಲಿ ಬ್ರೂಕ್ಲಿನ್ ನೆಟ್ಸ್ ಗಾರ್ನೆಟ್, ಪಿಯರ್ಸ್ ಎಂಬ ಇಬ್ಬರು ಹಿರಿಯರನ್ನು ತಂದು 9 ಕೋಟಿ ಡಾಲರಿಗೂ ಮೇಲೆ ತೆರಿಗೆ ಕಟ್ಟಿ, ಪ್ಲೇಆಫಿನಲ್ಲಿ ಒಂದು ಸುತ್ತು ಗೆದ್ದಿತು. ವಾರಿಯರ್ಸ್ 2021-22ರಲ್ಲಿ ಸುಮಾರು 17 ಕೋಟಿ ಕಟ್ಟಿ ಪ್ರಶಸ್ತಿ ಗೆದ್ದಿತು. ಅವರದ್ದು ಹೊಸ ಅಖಾಡ, ತುಂಬಿದ ಟಿಕೆಟು, ಶ್ರೀಮಂತ ಊರು. ಒಂದು ತಂಡದ ಟ್ರೇಡನ್ನು ಇನ್ನೊಂದು ತಂಡದ ಅಳತೆಗೋಲಿನಲ್ಲಿ ಬೈಯಬೇಡಿ ಎಂಬುದಷ್ಟೇ ಇಲ್ಲಿನ ಮಾತು.

8. ಹಳೆಯ ಪುಸ್ತಕವನ್ನು ಕಪಾಟಿನಲ್ಲಿಡಿ, ಬಿಸಾಡಬೇಡಿ

2025-26ರಿಂದ ದರಪಟ್ಟಿ ಮತ್ತೆ ಬದಲಾಯಿತು. ಮೊದಲ ಮೆಟ್ಟಿಲು ಒಂದೂವರೆಯಿಂದ ಒಂದು ಪಟ್ಟಿಗೆ ಇಳಿಯಿತು, ಎರಡನೆಯದು 1.25ಕ್ಕೆ, ಮೂರನೆಯದು 3.5ಕ್ಕೆ ಹಾರಿತು, ನಾಲ್ಕನೆಯದು 4.75ಕ್ಕೆ. ರೂಢಿಯ ತೆರಿಗೆದಾರರಿಗೆ ಮೊದಲ ಮೆಟ್ಟಿಲೇ 3 ಪಟ್ಟು. ಸ್ವಲ್ಪ ದಾಟುವವನಿಗೆ ರಿಯಾಯಿತಿ, ಬಹಳ ದಾಟುವವನಿಗೆ ಬರೆ.

ಮೊದಲ ಬರೆ ಬಿದ್ದದ್ದು ಬಾಸ್ಟನ್‌ಗೆ. 2024ರ ಚಾಂಪಿಯನ್ ಸೆಲ್ಟಿಕ್ಸ್ ಮೂರು ವರ್ಷ ಸತತ ತೆರಿಗೆ ಕಟ್ಟಿದ್ದರು. 2025ರ ಮೇ ತಿಂಗಳಲ್ಲಿ ಜೇಸನ್ ಟೇಟಮ್‌ಗೂ ಹಿಮ್ಮಡಿಯ ನರ ಹರಿಯಿತು. ಬೇಸಿಗೆಯಲ್ಲಿ ಜ್ರೂ ಹಾಲಿಡೇ ಪೋರ್ಟ್‌ಲ್ಯಾಂಡಿಗೆ, ಪೋರ್ಜಿಂಗಿಸ್ ಅಟ್ಲಾಂಟಾಗೆ. ಹಾಲಿಡೇ ಬದಲಿಗೆ ಬಂದವನ ಸಂಬಳ ಅವನದ್ದಕ್ಕಿಂತ ಅರ್ಧ ಕೋಟಿ ಡಾಲರಿನಷ್ಟೂ ಕಡಿಮೆ ಇರಲಿಲ್ಲ. ಆದರೆ ಆ ಎತ್ತರದಲ್ಲಿ ತೆರಿಗೆ ಉಳಿದದ್ದು ಅದರ ಹಲವು ಪಟ್ಟು. ನಮ್ಮ ಲೀಗಿನಲ್ಲಿ ಬಾಸ್ಟನ್ ಐರೋಲಿಯ ಗೆಳೆಯನದ್ದು. ಅವನೂ ಹಾಲಿಡೇಯನ್ನೇ ಕಳಿಸಿದ, ಸುದ್ದಿ ಬರುವ ಹತ್ತು ದಿನ ಮೊದಲು. ಬೇರೆಯವರು ಭೇಷ್ ಎಂದರು. ಅವನು ಮಾತ್ರ ಸಪ್ಪೆ ಮುಖ ಮಾಡಿಕೊಂಡು, "ಪುಸ್ತಕದಲ್ಲಿ ಕಳಿಸಿದ್ದು ನಿಜವಾಗಿಬಿಟ್ಟಿತಲ್ಲ" ಅಂದ. ಅವನ ಮಗನ ಕೋಣೆಯಲ್ಲಿ ಹಾಲಿಡೇಯ ಹಸಿರು ಅಂಗಿ ತೂಗುಹಾಕಿದೆ.

ದರ ಬದಲಾದರೂ ಹಳೆಯ ಪುಸ್ತಕ ಬಿಸಾಡಬೇಡಿ ಅಂದದ್ದಕ್ಕೆ ಕಾರಣ ನಮ್ಮ ಲಾಡ್ಜುಗಳು. ಸಾವಿರದೊಳಗಿನ ಕೋಣೆಗೆ ತೆರಿಗೆ ಇಲ್ಲವೆಂದು 2017ರಲ್ಲಿ ಒಬ್ಬರು 999 ಎಂದು ಬೋರ್ಡು ಬರೆಸಿದ್ದರು. 2022ರ ಜುಲೈ 18ರಿಂದ ಆ ವಿನಾಯಿತಿ ಹೋಯಿತು, ಅದಕ್ಕೂ ಶೇ. 12. 2025ರ ಸೆಪ್ಟೆಂಬರ್ 22ರಿಂದ 7,500ರವರೆಗಿನ ಎಲ್ಲ ಕೋಣೆಗಳಿಗೂ ಶೇ. 5. 999ಕ್ಕೂ 1,050ಕ್ಕೂ ದರದಲ್ಲಿ ವ್ಯತ್ಯಾಸವೇ ಇಲ್ಲ, ಏರಿಸಬಹುದು ಎಂದು ನಾನು ಅಕ್ಟೋಬರಿನಲ್ಲಿ ಹೋಗಿ ಹೇಳಿದೆ. ಯಜಮಾನರು ಗಲ್ಲಾದಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

"ಇರಲಿ ರಾಯ್ರೇ," ಅಂದರು, "ಎಂಟು ವರ್ಷದಿಂದ ಉಂಟು. ಈಗ ಅದು ರೇಟಲ್ಲ, ನಮ್ಮ ಲಾಡ್ಜಿನ ಹೆಸರು."